ಗಾಜಿನ ಹಂಚಿನ ಕೆಳಗೆ ಅಕ್ಕನ ಪಟ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಬೆಳಕಿನ ಪಾಠ ಬಂದಾಗ ಮಾತ್ರ ಟೀಚರು ಮೆತ್ತಗಾಗುತ್ತಾರೆ ಎಂದು ಹಿಂದಿನಿಂದ ನಗಾಡುತ್ತಿದ್ದರಂತೆ. ನಗಾಡಲಿ. ಬೆಳಕು ಎಂದ ಕೂಡಲೇ ನನಗೆ ಅಕ್ಕನ ನೆನಪಾಗುತ್ತಿತ್ತು. ಅದನ್ನೆಲ್ಲ ಆ ಮಕ್ಕಳಿಗೆ ಹೇಳಲಿಕ್ಕೆ ಆಗುತ್ತದೆಯೇ?

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಒಬ್ಬಳೇ ಮಗಳು. ನನ್ನ ಅಮ್ಮ ಬೆಳ್ತಂಗಡಿಯಲ್ಲಿ ಮಕ್ಕಳ ಮೇಲೆ ಮಕ್ಕಳನ್ನು ಹೆತ್ತು ಸುಸ್ತಾಗಿ, ಶಾಲೆಯ ನೆವ ಹೇಳಿ ನನ್ನನ್ನು ಬಂಟ್ವಾಳದ ತನ್ನ ಅಕ್ಕನ ಮನೆಗೆ ದಾಟಿಸಿದ್ದಳು. ದೊಡ್ಡಪ್ಪ ಆಗಲೇ ತೀರಿಹೋಗಿದ್ದರು. ಬೇಸಾಯ, ಒಕ್ಕಲಿನವರ ತಕರಾರು, ಎಲ್ಲವನ್ನೂ ದೊಡ್ಡಮ್ಮನೇ ಸಂಚಿಯಿಂದ ವೀಳ್ಯದೆಲೆ ತೆಗೆದು ಜಗಿಯುತ್ತಾ ನಿಭಾಯಿಸುತ್ತಿದ್ದರು. ಮನೆಮಾತು ತುಳು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ರುಚಿ ಕೆಡುತ್ತದೆ, ಏನು ಮಾಡುವುದು.

ಆ ಮನೆಯ ಚಾವಡಿಗೆ, ಅಂದರೆ ಮುಂದಿನ ಹಜಾರಕ್ಕೆ, ಕಿಟಕಿಗಳು ಸಣ್ಣವು. ಹಂಚಿನ ಮಾಡಿನ ನಡುವೆ ಒಂದು ಗಾಜಿನ ಹಂಚು ಇತ್ತು. ಹೊತ್ತೇರಿದ ಹಾಗೆ ಅದರಿಂದ ಒಂದು ಬೆಳಕಿನ ಕೋಲು ಇಳಿದು, ಮೊದಲು ಗೋಡೆಗೆ ಬಿದ್ದು, ಮೆಲ್ಲನೆ ನೆಲಕ್ಕೆ ಸರಿಯುತ್ತಿತ್ತು. ಅದರೊಳಗೆ ಸಣ್ಣ ಸಣ್ಣ ಚೂರುಗಳು ಹೊಳೆಯುತ್ತಾ ತೇಲುತ್ತಿದ್ದವು. ಅದೇ ಬೆಳಕಿನ ಹುಡಿ ಎಂದು ನನ್ನ ವಾದ.

"ಅದು ಧೂಳು ಮಾರಾಯ್ತಿ, ನೀನು ಗುಡಿಸದೆ ಬಿಟ್ಟದ್ದು" ಎಂದು ಅಕ್ಕ.

"ಧೂಳಾದರೆ ಆಚೆ ಈಚೆ ಯಾಕೆ ಕಾಣುದಿಲ್ಲ? ಕೋಲಿನ ಒಳಗೇ ಯಾಕೆ ಉಂಟು?"

ಅದಕ್ಕೆ ಅಕ್ಕ ಎದ್ದುಬಿಡುತ್ತಿದ್ದಳು. ಮೂಲೆಯಲ್ಲಿದ್ದ ಚಾಪೆ ತಂದು ಗಾಜಿನ ಹಂಚಿನ ಕೆಳಗೆ ಪಟಪಟನೆ ಕೊಡವುತ್ತಿದ್ದಳು. "ತಗೊ, ನಿನಗೆ ಇನ್ನಷ್ಟು ಬೆಳಕು!" ಇಬ್ಬರೂ ಕೆಮ್ಮುತ್ತಿದ್ದೆವು. ಅಕ್ಕ ನಕ್ಕರೆ ಅಷ್ಟೂ ಹಲ್ಲು ಕಾಣುತ್ತಿತ್ತು. ಹೆಣ್ಣುಮಕ್ಕಳು ಹಾಗೆ ನಗಬಾರದು ಎಂದು ದೊಡ್ಡಮ್ಮ ಗದರಿಸಲು ಬಂದವರು ತಾವೂ ನಕ್ಕು ಹೋಗುತ್ತಿದ್ದರು. ಆ ಮನೆಯಲ್ಲಿ ನಾನು ಸುಖವಾಗಿದ್ದೆ.

ಅಕ್ಕನಿಗೆ ಬೆಳ್ತಂಗಡಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಪಟ ಕೇಳಿದರು. ಬಂಟ್ವಾಳ ಪೇಟೆಯಲ್ಲಿ ಹೊಳೆಯ ಬದಿಗೆ ಒಬ್ಬರು ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ, ಸ್ಟುಡಿಯೋ ಇತ್ತು. ಅಕ್ಕನ ಜತೆಗೆ ನಾನೂ ಹೋದೆ. "ನಗಬಾರದು, ಬಾಯಿ ಮುಚ್ಚಿ ಕೂತುಕೊಳ್ಳಿ" ಎಂದು ಅವರು ಹೇಳಿ ಒಂದು ಪಟ ತೆಗೆದರು. ಇನ್ನೊಂದಿರಲಿ ಎಂದು ಮತ್ತೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಹೊರಗೆ ಅವರ ಲುಂಗಿಯೂ ಎರಡು ಕಾಲೂ ಮಾತ್ರ. ಅಕ್ಕನಿಗೆ ತಡೆಯಲಿಕ್ಕೆ ಆಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಆ ನಗುವೂ ಪಟಕ್ಕೆ ಬಿತ್ತು.

ಒಳಗೆ ಅವರದ್ದೊಂದು ಕತ್ತಲೆ ಕೋಣೆ. ಅಲ್ಲಿ ಕೆಂಪು ದೀಪ ಉರಿಯುತ್ತಿತ್ತು.

"ಕೆಂಪು ಯಾಕೆ?" ಎಂದು ಕೇಳಿದೆ.

"ಕೆಂಪು ಬೆಳಕು ಕಾಗದಕ್ಕೆ ಎಂತದೂ ಮಾಡುದಿಲ್ಲ ಮಗಳೇ."

"ಅದು ಯಾಕೆ ಮಾಡುದಿಲ್ಲ?"

"ಅಷ್ಟು ನಂಗೂ ಗೊತ್ತಿಲ್ಲ. ಕಲಿಸಿದವರು ಹಾಗೆ ಹೇಳಿದ್ದು" ಎಂದು ಅವರು ನಕ್ಕರು.

ಆಗಿನ ಕ್ರಮ ಹೇಗೆಂದರೆ, ಗಟ್ಟಿ ಪಟ ಮಾಡುವ ಮೊದಲು ನೋಡಿ ಆರಿಸಲಿಕ್ಕೆ ಪ್ರೂಫ್ ಕೊಡುತ್ತಿದ್ದರು. ಕ್ಯಾಮೆರಾದಿಂದ ಬಂದ ಗಾಜಿನ ಪ್ಲೇಟಿನ ಅಡಿಗೆ ಒಂದು ಬಗೆಯ ಕಾಗದ ಇಟ್ಟು ಹಿತ್ತಲಿನ ಬಿಸಿಲಿಗೆ ಹಿಡಿದರೆ ನೇರಳೆ ಬಣ್ಣದ ಪಟ ಮೂಡುತ್ತಿತ್ತು. ಅದನ್ನು ಮದ್ದಿನ ನೀರಿನಲ್ಲಿ ಅದ್ದದೆ, ಹಾಗೆಯೇ ಕಪ್ಪು ಕಾಗದದಲ್ಲಿ ಸುತ್ತಿ ಕೊಡುವುದು. ಎರಡು ಪ್ರೂಫನ್ನೂ ಅಕ್ಕನೇ ಹೋಗಿ ತಂದಳು. "ಬಿಸಿಲಿಗೆ ಹಿಡಿಯಬಾರದಂತೆ" ಎಂದು ಹೊಸ್ತಿಲು ದಾಟುತ್ತಾ ಹೇಳಿದಳು. ಹೊಸ ಸೀರೆಯನ್ನೂ ಬಿಸಿಲಿಗೆ ಹಾಕಬಾರದು. ಇದೂ ಹಾಗೆಯೇ ಎಂದುಕೊಂಡು ನಾವು ಮರೆತೆವು.

ಗಟ್ಟಿ ಪಟ ಆಮೇಲೆ ಮಾಡಿಸಿದರಾಯಿತು ಎಂದು ಬಾಯಿ ಮುಚ್ಚಿದ ಪ್ರೂಫೇ ಹುಡುಗನ ಮನೆಗೆ ಹೋಯಿತು. ನಗುವ ಪಟವನ್ನು ನೋಡಿ ದೊಡ್ಡಮ್ಮ, "ಇದನ್ನು ಕಳಿಸಿದ್ರೆ ಅವರು ಊರು ಬಿಟ್ಟು ಓಡ್ತಾರೆ" ಎಂದು ಕಪ್ಪು ಕಾಗದ ಸಮೇತ ಪೆಟ್ಟಿಗೆಯ ತಳಕ್ಕೆ ಹಾಕಿದರು.

ಮಾತುಕತೆ ಗಟ್ಟಿಯಾಗುವ ಮೊದಲೇ ಅಕ್ಕನಿಗೆ ಜ್ವರ ಹಿಡಿಯಿತು. ವಿಷಮಶೀತ ಜ್ವರ ಎಂದರು. ಅಕ್ಕ ಏಳಲಿಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ.

ಬೊಜ್ಜದ ದಿನ, ಅಂದರೆ ನಮ್ಮಲ್ಲಿ ಸತ್ತವರ ಕೊನೆಯ ಕ್ರಿಯೆಯ ದಿನ, ಬಂದವರಿಗೆಲ್ಲ ಅಕ್ಕನ ಮುಖ ಕಾಣಬೇಕೆಂದು ಪೆಟ್ಟಿಗೆಯಿಂದ ಆ ನಗುವ ಪಟವನ್ನು ತೆಗೆದರು. ಚಾವಡಿಯಲ್ಲಿ ಬೆಳಕು ಕಡಿಮೆ. ಆದ್ದರಿಂದ ಗಾಜಿನ ಹಂಚಿನ ಸರೀ ಕೆಳಗೆ ಒಂದು ಕುರ್ಚಿ ಇಟ್ಟು, ಪಟಕ್ಕೆ ಮಲ್ಲಿಗೆ ಹಾಕಿ ನಿಲ್ಲಿಸಿದರು. ಸುಡುಬೇಸಗೆ. ಬಿಸಿಲು ಕುರ್ಚಿಯ ಮೇಲೆಯೇ ಬೀಳುತ್ತಿತ್ತು. ಜನ ಉಂಡು ಹೊರಡುವ ಹೊತ್ತಿಗೆ ಅಕ್ಕನ ಮುಖ ಕಪ್ಪಿಟ್ಟಿತ್ತು. ಎಲ್ಲಕ್ಕಿಂತ ಮೊದಲು ಹೋದದ್ದು ಹಲ್ಲು. ನಗುತ್ತಿದ್ದ ಬಾಯಿ ಮುಚ್ಚಿದ ಹಾಗೆ ಕಾಣುತ್ತಿತ್ತು.

"ಬೆಳಗ್ಗೆ ನಗ್ತಾ ಇದ್ದಳು, ಈಗ ನೋಡಿ, ಬಾಯಿ ಬಿಗಿದಳು" ಎಂದು ಸಿದ್ಧಕಟ್ಟೆಯಿಂದ ಬಂದ ಒಬ್ಬ ಅಜ್ಜಿ ಶುರುಮಾಡಿದರು. "ಮದುವೆ ಆಗದೆ ಹೋದವಳಲ್ಲವಾ. ಅವಳಿಗೆ ಸಿಟ್ಟು ಬಂದದ್ದು."

ಆ ಮಾತು ದೊಡ್ಡಮ್ಮನ ಎದೆಯೊಳಗೆ ಹೋಗಿ ಕೂತಿತು. ಮಾರನೆಯ ದಿನದಿಂದ ಬೆಳಗ್ಗೆ ಎದ್ದು ಕೈಕಾಲು ತೊಳೆದು, ಪಟವನ್ನು ಗಾಜಿನ ಹಂಚಿನ ಕೆಳಗೆ ಹಿಡಿದು ನೋಡುವುದು, ಮಗಳ ಸಿಟ್ಟು ಇಳಿಯಿತೇ ಎಂದು. ಇಳಿಯುತ್ತಿರಲಿಲ್ಲ. ಹುಡುಗನ ಮನೆಗೆ ಹೋದ ಇನ್ನೊಂದು ಪಟವನ್ನಾದರೂ ತರಿಸುವ ಎಂದು ಹೇಳಿಕಳಿಸಿದರೆ, ಅದೂ ಕಪ್ಪಾಯಿತು, ಅಪಶಕುನ ಎಂದು ಒಲೆಗೆ ಹಾಕಿದೆವು ಎಂಬ ಉತ್ತರ ಬಂತು. ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಸ್ಟುಡಿಯೋದೊಳಗೆ ಹೊಕ್ಕಿತು. ಗಾಜಿನ ಪ್ಲೇಟುಗಳ ಮೇಲಿನ ಪಟವೆಲ್ಲ ಕಿತ್ತು ನೀರಿನೊಡನೆ ಹೋಯಿತು. ಸ್ಟುಡಿಯೋದವರು ಬಾಗಿಲು ಮುಚ್ಚಿ ಕನ್ಯಾನದ ಸಂಬಂಧಿಕರ ಮನೆಗೆ ಹೋದರು. ಹೀಗೆ ಅಕ್ಕನ ಮುಖ ಅಂತ ಭೂಮಿಯ ಮೇಲೆ ಉಳಿದದ್ದು ಆ ಒಂದು ಪ್ರೂಫ್. ಅದೂ ದಿನೇ ದಿನೇ ಮುಳುಗುತ್ತಿತ್ತು.

ಮದುವೆಯಾಗದೆ ಸತ್ತವರಿಗೆ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗನನ್ನು ಹುಡುಕಿ ಜಡಿಮಳೆಯ ಆಟಿ ತಿಂಗಳಲ್ಲಿ ಮದುವೆ ಮಾಡಿಸುವ ಕ್ರಮ ನಮ್ಮಲ್ಲಿ ಉಂಟು. ಕುಲೆ ಮದುವೆ ಎನ್ನುತ್ತೇವೆ. ಕುಲೆ ಎಂದರೆ ಸತ್ತವರ ಜೀವ. ಮುಂಡಾಜೆಯ ಒಂದು ಮನೆಯ ಮಗ ಸಿಕ್ಕಿದ. ಸೀರೆ, ಬಳೆ, ಕರಿಮಣಿ, ಊಟ ಎಲ್ಲ ಇತ್ತು. ಮದುಮಕ್ಕಳು ಮಾತ್ರ ಇರಲಿಲ್ಲ. ಇಬ್ಬರು ತಾಯಂದಿರು ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಇದನ್ನು ಓದಿ ಯಾರಾದರೂ ನಕ್ಕರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಆ ಹೆಂಗಸರು ಅತ್ತದ್ದನ್ನು ನಾನು ನೋಡಿದ್ದೇನೆ.

ಮತ್ತೆ ಒಂದಷ್ಟು ಸಮಯ ಪಟ ಕಪ್ಪಾಗುವುದು ನಿಂತಿತು. "ನೋಡು, ನಿಂತಿತು, ನಿಂತಿತು" ಎಂದು ದೊಡ್ಡಮ್ಮ ಊರಿಗೆಲ್ಲ ಹೇಳಿದರು. ಆಟಿಯ ಮೋಡದಲ್ಲಿ ಗಾಜಿನ ಹಂಚಿನಿಂದ ಬೆಳಕೇ ಇಳಿಯುತ್ತಿರಲಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ನವರಾತ್ರಿಯ ಹೊತ್ತಿಗೆ ಬಿಸಿಲು ಬಂತು. ಮುಖ ಮತ್ತೆ ಕಪ್ಪಾಯಿತು. "ಮದುವೆ ಮಾಡಿಸಿದರೂ ನನ್ನ ಮೇಲಿನ ಸಿಟ್ಟು ಬಿಡಲಿಲ್ಲವಲ್ಲ ಇವಳು" ಎಂದು ದೊಡ್ಡಮ್ಮ ಚಾವಡಿಯಲ್ಲಿ ಕುಸಿದು ಕೂತದ್ದು ನನ್ನ ಕಣ್ಣಮುಂದೆ ಹಾಗೆಯೇ ಉಂಟು. ಮತ್ತೆ ಅವರು ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ನಾನು ಹೈಸ್ಕೂಲಿಗೆಂದು ಮೂಡಬಿದಿರೆಯ ಸೋದರಮಾವನ ಮನೆ ಸೇರಿದೆ. ಅಲ್ಲಿ ನಮಗೊಬ್ಬರು ವಿಜ್ಞಾನದ ಮಾಸ್ಟ್ರು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಲು ಹೊರಟರೆ ಅವರಿಗೆ ಬೆಲ್ಲು ಹೊಡೆದದ್ದೂ ಕೇಳುತ್ತಿರಲಿಲ್ಲ. ಒಂದು ದಿನ ಬೆಳಕಿನ ಪಾಠ. ಕೆರೆಯ ನೀರಿನ ಹಾಗೆ ಬೆಳಕಿಗೂ ಅಲೆ ಉಂಟು ಎಂದರು. ಪುಸ್ತಕದಲ್ಲಿ ಇದ್ದದ್ದು ಅಷ್ಟೆ. ಅವರು ಪುಸ್ತಕ ಮುಚ್ಚಿ, "ಆದರೆ ಬೆಳಕು ಕಣ ಕಣವಾಗಿಯೂ ಬರುತ್ತದೆ" ಎಂದರು.

ನಾನು ಎದ್ದು ನಿಂತೆ. "ಗೊತ್ತುಂಟು ಸರ್. ಗಾಜಿನ ಹಂಚಿನ ಕೆಳಗೆ ತೇಲುತ್ತದೆ."

ಇಡೀ ಕ್ಲಾಸು ನಕ್ಕಿತು. ಅವರು ನಗಲಿಲ್ಲ. "ಅದು ಧೂಳು. ಬದಿಯಿಂದ ಹಾದುಹೋಗುವ ಬೆಳಕು ಯಾರಿಗೂ ಕಾಣುವುದಿಲ್ಲ. ಧೂಳಿಗೆ ಬಡಿದು ನಿನ್ನ ಕಡೆಗೆ ತಿರುಗಿದರೆ ಮಾತ್ರ ಕಾಣುತ್ತದೆ. ಬಿಸಿಲಿನ ಕೋಲಿನ ಆಚೆ ಈಚೆ ಬೆಳಕು ಬೀಳುವುದಿಲ್ಲ, ಅದಕ್ಕೇ ಅಲ್ಲಿಯ ಧೂಳು ಕಾಣುವುದಿಲ್ಲ."

ಅಕ್ಕನೇ ಸರಿ. ಅಷ್ಟು ವರ್ಷ ಜಗಳ ಮಾಡಿದೆನಲ್ಲ, ಅವಳೇ ಸರಿ. ನೀನೇ ಗೆದ್ದೆ ಎಂದು ಹೇಳಲಿಕ್ಕೆ ಅವಳೇ ಇಲ್ಲ ಎಂದು ನನಗೆ ಅಲ್ಲಿಯೇ ಅಳು ಬಂತು. ಕ್ಲಾಸಿನವರು ನಕ್ಕದ್ದಕ್ಕೆ ಅಳುತ್ತಿದ್ದಾಳೆ ಎಂದು ಮಾಸ್ಟ್ರು ಎಲ್ಲರಿಗೂ ಬೈದರು.

ಮತ್ತೆ ಅವರು ಹೇಳುತ್ತಾ ಹೋದರು. ಬೆಳಕಿನ ಕಣಕ್ಕೆ ತೂಕ ಅಂತ ಇಲ್ಲ. ನಿಂತು ಸುಧಾರಿಸಿಕೊಳ್ಳುವುದು ಅದರ ಜಾಯಮಾನದಲ್ಲೇ ಇಲ್ಲ. ಹುಟ್ಟಿದ ಗಳಿಗೆಯಿಂದ ಓಟ. ಯಾವುದಕ್ಕಾದರೂ ಬಡಿದು ಅದರೊಳಗೆ ಸೇರಿದರೆ ಕಣ ಅಲ್ಲಿಗೇ ಮುಗಿಯಿತು. ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬುದಿಲ್ಲ. ಇಡೀ ಕಣ ಒಂದೇ ಕಡೆ ಖರ್ಚು. ಬಯಲಿನಲ್ಲಿ ಎಲ್ಲ ಬಣ್ಣದ ಕಣಗಳ ಓಟವೂ ಒಂದೇ. ಆದರೆ ಬಲ ಒಂದೇ ಅಲ್ಲ. ಕೆಂಪಿನ ಕಣಕ್ಕೆ ಬಲ ಕಡಿಮೆ, ನೇರಳೆಯದಕ್ಕೆ ಹೆಚ್ಚು.

"ಮರದ ತುದಿಯಲ್ಲಿ ಮಾವಿನಕಾಯಿ ಉಂಟು. ನೀನು ಮುಷ್ಟಿ ತುಂಬ ಹೊದಳು, ಅದೇ ಭತ್ತದ ಅರಳು, ಬಿಸಾಡಿದರೆ ಬೀಳ್ತದಾ?"

"ಇಲ್ಲ ಸರ್."

"ಊರಿನವರೆಲ್ಲ ಸೇರಿ ಮೂಟೆಗಟ್ಟಲೆ ಹೊದಳು ಬಿಸಾಡಿದರೆ?"

"ಆಗಲೂ ಇಲ್ಲ."

"ಒಂದೇ ಒಂದು ಕಲ್ಲು?"

"ಬೀಳ್ತದೆ."

"ಕೆಂಪು ಬೆಳಕು ಹೊದಳು, ನೇರಳೆ ಬೆಳಕು ಕಲ್ಲು. ಕೆಂಪು ಎಷ್ಟು ಹೆಚ್ಚು ಇದ್ದರೂ ಆಗದ ಕೆಲಸ ನೇರಳೆ ಸ್ವಲ್ಪ ಇದ್ದರೂ ಆಗುತ್ತದೆ. ಫೋಟೋದ ಕಾಗದದಲ್ಲಿ ಬೆಳ್ಳಿಯ ಉಪ್ಪು ಇರುತ್ತದೆ. ಬಲ ಇರುವ ಕಣ ಬಡಿದರೆ ಬೆಳ್ಳಿ ಬೇರೆಯಾಗಿ ಹುಡಿಹುಡಿಯಾಗಿ ನಿಲ್ಲುತ್ತದೆ. ಅಷ್ಟು ಸಣ್ಣ ಹುಡಿಯಾದರೆ ಬೆಳ್ಳಿಯೂ ಕಪ್ಪೇ. ಸ್ಟುಡಿಯೋದಲ್ಲಿ ಕೆಂಪು ದೀಪ ಯಾಕೆ ಅಂತ ಗೊತ್ತಾಯಿತಾ?"

ನಾನು ಥಟ್ಟನೆ ಕೇಳಿದೆ. "ಸರ್, ಮದ್ದಿಗೆ ಹಾಕದ ಪಟವನ್ನು ಬಿಸಿಲಿಗೆ ಇಟ್ಟರೆ?"

"ಕಪ್ಪಾಗ್ತಾ ಹೋಗುತ್ತದೆ. ಬಿಳಿ ಇದ್ದ ಕಡೆ ಖರ್ಚಾಗದ ಉಪ್ಪು ಹೆಚ್ಚು ಉಳಿದಿರುತ್ತದೆ. ಮೊದಲು ಅಲ್ಲಿಯೇ ಕಪ್ಪಾಗುವುದು."

ಬಿಳಿ ಇದ್ದ ಕಡೆ ಮೊದಲು. ಅಕ್ಕನ ಹಲ್ಲು! ಆ ಕ್ಷಣ ನನಗೆ ಬಂದ ಸಿಟ್ಟು ಇನ್ಯಾವಾಗಲೂ ಬಂದಿರಲಿಕ್ಕಿಲ್ಲ. ಅಕ್ಕನಿಗೆ ಸಿಟ್ಟಂತೆ ಸಿಟ್ಟು! ಅವಳಿಗೆ ಯಾವಾಗ ಸಿಟ್ಟು ಬಂದದ್ದುಂಟು?

ಮುಂದಿನ ರಜೆಗೆ ಬಸ್ಸಿನಿಂದ ಇಳಿದವಳೇ ಚೀಲವನ್ನೂ ಕೆಳಗಿಡದೆ ಎಲ್ಲವನ್ನೂ ದೊಡ್ಡಮ್ಮನಿಗೆ ಒದರಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. "ಬಿಸಿಲಿಗೆ ಹಾಕಿದ ಸೀರೆ ಬಿಳಿಚಿಕೊಳ್ತದೆ. ಕಪ್ಪಾಗ್ತದಾ? ಶಾಲೆಯ ಮಾತನ್ನು ಶಾಲೆಯಲ್ಲೇ ಇಡು."

ಪುಣ್ಯಕ್ಕೆ ಸ್ಟುಡಿಯೋದವರು ಹಿಂದೆ ಬಂದು, ಹೊಳೆಯಿಂದ ದೂರ ಎತ್ತರದ ಜಾಗದಲ್ಲಿ ಮತ್ತೆ ಅಂಗಡಿ ಹಾಕಿದ್ದರು. ಕಾಡಿ ಬೇಡಿ, ಕೊನೆಗೆ ನಾನೂ ಊಟ ಬಿಡ್ತೇನೆ ಎಂದು ಹಟ ಹಿಡಿದು, ದೊಡ್ಡಮ್ಮನನ್ನು ಪಟ ಸಮೇತ ಅಲ್ಲಿಗೆ ಎಳೆದುಕೊಂಡು ಹೋದೆ.

ಅವರು ಪಟ ನೋಡಿ, "ಅಯ್ಯೋ ಅಮ್ಮ, ಇದು ಪ್ರೂಫ್" ಎಂದು ಕೂಡಲೇ ಕಪ್ಪು ಕಾಗದದಲ್ಲಿ ಮುಚ್ಚಿದರು. ಸೀರೆಯ ಮಾತು ಕೇಳಿ ಅವರು ವಾದಕ್ಕೆ ಇಳಿಯಲಿಲ್ಲ. ಅದೇ ಬಗೆಯ ಒಂದು ಹೊಸ ಕಾಗದ ತಂದು ಹಿತ್ತಲಿನ ಬಿಸಿಲಿನಲ್ಲಿ ಕಲ್ಲಿನ ಮೇಲೆ ಇಟ್ಟರು. "ನಿಮ್ಮ ಸಂಚಿಯಿಂದ ಒಂದು ಎಲೆ ತೆಗೆದು ಇದರ ಮೇಲೆ ಇಡಿ ಅಮ್ಮ." ದೊಡ್ಡಮ್ಮ ವೀಳ್ಯದೆಲೆ ಇಟ್ಟರು. ನೋಡನೋಡುತ್ತಿದ್ದ ಹಾಗೆ ಎಲೆಯ ಸುತ್ತ ಕಾಗದ ಕೆಂಪಾಯಿತು, ನೇರಳೆಯಾಯಿತು, ಕಂದಾಯಿತು. ಎಲೆ ಎತ್ತಿದರೆ ಕೆಳಗೆ ಬೆಳ್ಳಗಿನ ಇನ್ನೊಂದು ಎಲೆ. ಮತ್ತೆ ಬಿಸಿಲಿನಲ್ಲಿ ಆ ಬಿಳಿ ಎಲೆಯೂ ಮೆಲ್ಲನೆ ಕಪ್ಪಾಗತೊಡಗಿತು.

ನನಗೆ ಬಾಯಿ ಕಟ್ಟಲಿಕ್ಕೆ ಆಗಲಿಲ್ಲ. "ಎಲೆಗೂ ಮದುವೆ ಆಗ್ಲಿಲ್ಲ ಅಂತ ಸಿಟ್ಟು ಬಂತಾ ದೊಡ್ಡಮ್ಮ?"

ಅವರು ನನಗೆ ಬೈಯಲಿಲ್ಲ. ಕಾಗದವನ್ನು ಎತ್ತಿ ಹತ್ತಿರದಿಂದ ನೋಡಿದರು. ಮತ್ತೆ ಸಣ್ಣ ಧ್ವನಿಯಲ್ಲಿ ಕೇಳಿದರು.

"ಹಾಗಾದ್ರೆ ದಿನಾ ನೋಡಿ ನೋಡಿ ಅವಳ ಬಾಯಿ ಮುಚ್ಚಿಸಿದ್ದು ನಾನೇನಾ?"

ಈ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದು ಭಾರ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದೆನೇ ಎಂದು ಹೆದರಿಕೆಯಾಯಿತು. ಆಗ ಮಾಸ್ಟ್ರ ಇನ್ನೊಂದು ಮಾತು ನೆನಪಾಯಿತು. ದೇವರೇ ನೆನಪಿಸಿದ್ದು ಎಂದೇ ಹೇಳುತ್ತೇನೆ.

"ಅಲ್ಲ ದೊಡ್ಡಮ್ಮ. ಬೆಳಕಿನ ಒಂದು ಕಣ ಒಂದೇ ಕಡೆ ಖರ್ಚಾಗುದು. ಕಾಗದದೊಳಗೆ ಸೇರಿದ್ದು ಅಲ್ಲಿಗೇ ಮುಗಿಯಿತು, ಕಪ್ಪು ಮಾಡಿದ್ದು ಅದು. ನಿಮ್ಮ ಕಣ್ಣಿಗೆ ಬಂದದ್ದು ಬೇರೆ ಕಣ. ಅದು ಅಕ್ಕನ ಮುಖ ಮುಟ್ಟಿ, ಅವಳಿಗೆ ಎಂತದೂ ಮಾಡದೆ, ನಿಮ್ಮ ಹತ್ತಿರ ಬಂದದ್ದು. ನೀವು ಕಂಡ ಬೆಳಕು ಒಂದು ಚೂರೂ ಅವಳನ್ನು ಕಪ್ಪು ಮಾಡಲಿಲ್ಲ. ಮಾಡಿದ್ದು ಗಾಜಿನ ಹಂಚು, ನಿಮ್ಮ ಕಣ್ಣಲ್ಲ."

"ಸತ್ಯವಾ?"

"ನಿಮ್ಮಾಣೆ."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಈಗ ಎಂತ ಮಾಡುದು ಎಂದು ಸ್ಟುಡಿಯೋದವರನ್ನು ಕೇಳಿದರು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಹೈಪೋ ಅಂತ ಮದ್ದು ಉಂಟು. ಅದರಲ್ಲಿ ಅದ್ದಿದರೆ ಉಳಿದ ಉಪ್ಪು ತೊಳೆದು ಹೋಗ್ತದೆ, ಮತ್ತೆ ಯಾವ ಬಿಸಿಲಿಗೂ ಕಪ್ಪಾಗುದಿಲ್ಲ. ಆದರೆ ಬಣ್ಣ ಇಳೀತದೆ. ಮುಖ ಎಷ್ಟು ಉಳೀತದೆ ಹೇಳ್ಲಿಕ್ಕೆ ಬರುದಿಲ್ಲ. ಪೂರ್ತಿ ಹೋದರೂ ಹೋಗ್ಬಹುದು. ಅದ್ದುದು ಬೇಡ ಅಂತಾದರೆ, ಕೆಂಪು ದೀಪದಲ್ಲಿ ಮಾತ್ರ ನೋಡ್ತಾ ಇರ್ಬೇಕು."

"ಮೊದಲು ಆ ಕೆಂಪು ದೀಪದಲ್ಲಿ ನೋಡುವ" ಎಂದರು ದೊಡ್ಡಮ್ಮ.

ಕತ್ತಲೆ ಕೋಣೆಯಲ್ಲಿ ಒಂದು ಸ್ಟೂಲು ಹಾಕಿ ಕೊಟ್ಟರು. ದೊಡ್ಡಮ್ಮ ಪಟವನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತರು. ಬೊಜ್ಜದ ದಿನದಿಂದ ಆಚೆಗೆ ಅವರು ಹೆದರಿಕೆಯಿಲ್ಲದೆ ಮಗಳನ್ನು ನೋಡಿದ್ದು ಅಲ್ಲಿಯೇ. ಆದರೆ ಆ ಬೆಳಕು 'ಎಂತದೂ ಮಾಡುದಿಲ್ಲ' ಎಂಬುದು ಎಷ್ಟು ನಿಜವೋ, ಅದರಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ. ಅವರು ಪಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕೊನೆಗೆ ಸ್ಟುಡಿಯೋದವರ ಕೈಗೆ ಕೊಟ್ಟು ಹೇಳಿದರು, "ಅದ್ದಿ. ಕತ್ತಲೆಯಲ್ಲಿ ಕೂತುಕೊಳ್ಳುವ ಹುಡುಗಿಯಲ್ಲ ನಮ್ಮದು."

ಅವರು ಬಿಸ್ಮಿಲ್ಲಾ ಎಂದು ಪಟವನ್ನು ಮದ್ದಿನೊಳಗೆ ಇಳಿಸಿದರು. ನಾನು ತಟ್ಟೆಯ ಮೇಲೆ ಬಗ್ಗಿದೆ. ನೇರಳೆ ಹೋಗಿ ಚಹಾದ ಬಣ್ಣ ಬಂತು. ತಿಳಿಯಾಗುತ್ತಾ ಹೋಯಿತು. ಸೀರೆಯ ಅಂಚು ಅಳಿಸಿಹೋಯಿತು. ಹೋಯಿತು, ಎಲ್ಲ ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಬಿಡು ಕಣ್ಣು" ಎಂದು ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಅಲುಗಿಸಿದರು. "ನೋಡು, ನೋಡು ಮಾರಾಯ್ತಿ."

ಬಿಳಿಯ ಮೇಲೆ ಆಮೇಲೆ ಬಿಸಿಲಿಗೆ ಕೂತ ತೆಳು ಕಪ್ಪು ಮೊದಲು ಎದ್ದು ಹೋಗಿತ್ತು. ಕಣ್ಣು ಮಾಸಿತ್ತು, ಕೂದಲು ಮಾಸಿತ್ತು. ಆದರೆ ಹಲ್ಲು ಬಂದಿತ್ತು, ಅಷ್ಟೂ ಹಲ್ಲು. ನೀರಿನ ತಟ್ಟೆಯೊಳಗೆ ಅಕ್ಕ ಕಿಸಕ್ಕನೆ ನಗುತ್ತಿದ್ದಳು. ದೊಡ್ಡಮ್ಮ ಅಳುತ್ತಾ ನಕ್ಕರು. "ಎಷ್ಟು ಸಲ ಹೇಳಿದ್ದೆ ಇವಳಿಗೆ, ಹಾಗೆ ನಗಬೇಡ ಅಂತ!"

ಮನೆಗೆ ಬಂದವರು ಮೊಳೆ ಸುತ್ತಿಗೆ ತರಲು ನನ್ನನ್ನು ಓಡಿಸಿದರು. ಹೊತ್ತೇರುವಾಗ ಗಾಜಿನ ಹಂಚಿನ ಬಿಸಿಲು ಗೋಡೆಯ ಮೇಲೆ ಬೀಳುವ ಜಾಗ ಹುಡುಕಿ, ಸರೀ ಅಲ್ಲಿಯೇ ಪಟ ತೂಗುಹಾಕಿಸಿದರು. ಮಾರನೆಯ ದಿನ ಬೆಳಗ್ಗೆ ಬೆಳಕಿನ ಕೋಲು ಅಕ್ಕನ ಮುಖಕ್ಕೆ ಬಂದಾಗ ನಾವಿಬ್ಬರೂ ಎದುರಿಗೇ ನಿಂತಿದ್ದೆವು. ಏನೂ ಆಗಲಿಲ್ಲ. ಅವಳು ಬಿಸಿಲಿನಲ್ಲಿ ನಗುತ್ತಲೇ ಇದ್ದಳು.

ಆಗ ದೊಡ್ಡಮ್ಮ ಮೂಲೆಯ ಚಾಪೆ ತಂದು ಪಟದ ಎದುರು ಪಟಪಟನೆ ಕೊಡವಿದರು. "ತಗೊ ಮಗಳೇ, ಇನ್ನಷ್ಟು ಬೆಳಕು."

"ಅದು ಧೂಳು ದೊಡ್ಡಮ್ಮ" ಎಂದೆ ನಾನು ಕೆಮ್ಮುತ್ತಾ.

"ನೀನು ಸುಮ್ಮನಿರು" ಎಂದು ಅವರು ಮತ್ತೊಮ್ಮೆ ಕೊಡವಿದರು. ಆಮೇಲೆ ಒಳಗೆ ಹೋಗಿ ಇಬ್ಬರಿಗೂ ಗಂಜಿ ಬಡಿಸಿದರು.